ಎರಡು ಸಂಪುಟಗಳ ನಡುವೆ

ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಓದಿದವರಿಗೆ ಆ ಎರಡು ಪುಸ್ತಕಗಳ ಪರಿಚಯ ಇದ್ದೇ ಇರುತ್ತದೆ. ಪರ್ಸಿ ಬ್ರೌನ್ ಬರೆದ 'ಇಂಡಿಯನ್ ಆರ್ಕಿಟೆಕ್ಚರ್'. ಮುಂಬಯಿಯ ತಾರಾಪೊರೆವಾಲಾ ಪ್ರಕಾಶನ 1942ರಲ್ಲಿ ಹೊರತಂದ ಪುಸ್ತಕ. ಒಂದು ಸಂಪುಟದ ಮೇಲೆ 'ಬೌದ್ಧ ಮತ್ತು ಹಿಂದೂ ಕಾಲ' ಎಂದಿದೆ, ಇನ್ನೊಂದರ ಮೇಲೆ 'ಇಸ್ಲಾಮೀ ಕಾಲ' ಎಂದಿದೆ. ತೊಂಬತ್ತರ ದಶಕದ ಕೊನೆಯಲ್ಲಿ ನಾವು ಎಂ.ಎ.ಗೆ ಸೇರಿದಾಗ ಮೊದಲ ದಿನವೇ ಮೇಷ್ಟ್ರು ಈ ಎರಡನ್ನೂ ಮೇಜಿನ ಮೇಲಿಟ್ಟು, "ಇಷ್ಟು ಓದಿದರೆ ಅರ್ಧ ಪಾಸು" ಎಂದಿದ್ದರು. ಗ್ರಂಥಾಲಯದಲ್ಲಿ ಮೊದಲ ಸಂಪುಟದ ಪ್ರತಿಗಳ ಬೆನ್ನು ಕಿತ್ತು, ಅಂಟುಪಟ್ಟಿ ಹಚ್ಚಿಸಿಕೊಂಡು, ಪುಟಗಳ ಅಂಚು ಕಪ್ಪಾಗಿ ಹೋಗಿತ್ತು. ಎರಡನೆಯ ಸಂಪುಟ ಅಂಗಡಿಯಿಂದ ಬಂದ ಹಾಗೆಯೇ ಇತ್ತು. ಇದಕ್ಕೆ ಯಾರದೂ ದ್ವೇಷ ಕಾರಣವಲ್ಲ. ಪಠ್ಯಕ್ರಮದಲ್ಲಿ ಆ ಭಾಗ ಕೊನೆಗೆ ಬರುತ್ತಿತ್ತು, ಅಷ್ಟರಲ್ಲಿ ಮಾರ್ಚ್ ತಿಂಗಳು ಬಂದುಬಿಡುತ್ತಿತ್ತು. "ಇದನ್ನು ನೀವೇ ಓದಿಕೊಳ್ಳಿ" ಎಂಬ ಒಂದು ವಾಕ್ಯದಲ್ಲಿ ಐದಾರು ಶತಮಾನಗಳು ಮುಗಿದವು.

ನಮ್ಮ ಈ ಬರಹ ಆ ಒಂದು ವಾಕ್ಯದ ಬಗ್ಗೆ ದೂರಲ್ಲ. ನಾವು ಕೇಳಬೇಕೆಂದಿರುವುದು ಅದಕ್ಕೂ ಹಿಂದಿನ ಪ್ರಶ್ನೆ. ಕಟ್ಟಡಗಳನ್ನು ಹೀಗೆ ಎರಡು ಕಪಾಟಿನಲ್ಲಿ ಇಡಬೇಕು ಎಂದು ತೀರ್ಮಾನಿಸಿದವರು ಯಾರು? ಹಾಗೆ ಇಟ್ಟ ಮೇಲೆ ಕಲಿಯುವವನ ಕಣ್ಣಿಗೆ ಏನು ಕಾಣಿಸದೇ ಹೋಗುತ್ತದೆ?

ಮೊದಲು ಬ್ರೌನ್ ಅವರಿಗೆ ಸಲ್ಲಬೇಕಾದ ಮಾತು ಹೇಳಬೇಕು. ಕಲ್ಕತ್ತದ ಸರ್ಕಾರಿ ಕಲಾಶಾಲೆಯ ಪ್ರಾಂಶುಪಾಲರಾಗಿ, ಆಮೇಲೆ ವಿಕ್ಟೋರಿಯಾ ಸ್ಮಾರಕದ ಹೊಣೆ ಹೊತ್ತು ಇಲ್ಲಿಯೇ ಬದುಕು ಕಳೆದ ಮನುಷ್ಯ. ಹುಟ್ಟಿದ್ದು 1872ರಲ್ಲಿ. ಅಂದರೆ ಈ ಪುಸ್ತಕ ಬಂದಾಗ ಅವರಿಗೆ 70 ವರ್ಷ. ಕಟ್ಟಡವೊಂದನ್ನು ಕುಂಬಳಕಾಯಿಯಂತೆ ಸೀಳಿ, ಒಳಗಿನ ಕಮಾನು, ಮೆಟ್ಟಿಲು, ಗೋಡೆಯ ದಪ್ಪ ಎಲ್ಲವನ್ನೂ ಒಂದೇ ನೋಟಕ್ಕೆ ಕಾಣಿಸುವ ಅವರ ರೇಖಾಚಿತ್ರಗಳನ್ನು ನಾವು ಗಂಟೆಗಟ್ಟಲೆ ನೋಡಿದ್ದೇವೆ, ಟ್ರೇಸಿಂಗ್ ಕಾಗದ ಇಟ್ಟು ನಕಲು ಮಾಡಿದ್ದೇವೆ. ಕಟ್ಟಡವನ್ನು ಪ್ರೀತಿಸದವನ ಕೈಯಿಂದ ಅಂಥ ಗೆರೆ ಬರುವುದಿಲ್ಲ. ಗೆರೆ ಎಳೆಯುವಾಗ ಅವರಿಗೆ ಕಟ್ಟಡದ ಧರ್ಮ ಅಡ್ಡ ಬಂದಿಲ್ಲ. ಅಧ್ಯಾಯ ಹೆಣೆಯುವಾಗ ಮಾತ್ರ ಬಂದಿದೆ.

ಈ ವಿಂಗಡಣೆ ಅವರ ಸ್ವಂತದ್ದೂ ಅಲ್ಲ. ಭಾರತದ ಇತಿಹಾಸವನ್ನು ಹಿಂದೂ, ಮಹಮ್ಮದೀಯ, ಬ್ರಿಟಿಷ್ ಎಂದು ತುಂಡು ಮಾಡಿದವನು ಜೇಮ್ಸ್ ಮಿಲ್, 1817ರಲ್ಲಿ. ಅವನು ಭಾರತಕ್ಕೆ ಕಾಲಿಟ್ಟವನೇ ಅಲ್ಲ. ನೀಲಿಯ ವ್ಯಾಪಾರಕ್ಕೆ ಬಂದು ಕಟ್ಟಡಗಳ ಹುಚ್ಚು ಹಿಡಿಸಿಕೊಂಡ ಸ್ಕಾಟ್ಲೆಂಡಿನ ಜೇಮ್ಸ್ ಫರ್ಗ್ಯುಸನ್ 1876ರಲ್ಲಿ ಭಾರತದ ವಾಸ್ತುವಿನ ಮೊದಲ ದೊಡ್ಡ ಇತಿಹಾಸ ಬರೆದಾಗ ಬೌದ್ಧ, ಜೈನ, ದ್ರಾವಿಡ, ಚಾಲುಕ್ಯ, ಸಾರಾಸೆನಿಕ್ ಎಂದು ಹಂಚಿದ. ಈ ಪಟ್ಟಿಯನ್ನು ಗಮನಿಸಿ. ಮೊದಲೆರಡು ಧರ್ಮದ ಹೆಸರು, ಮೂರನೆಯದು ಜನಾಂಗದ್ದೋ ಪ್ರದೇಶದ್ದೋ ಆದ ಹೆಸರು, ನಾಲ್ಕನೆಯದು ರಾಜವಂಶದ್ದು, ಐದನೆಯದು ಯುರೋಪಿನವರು ಹೊರಗಿನ ಮುಸ್ಲಿಮರನ್ನು ಕರೆಯುತ್ತಿದ್ದ ಹೆಸರು. ಅಕ್ಕಿ, ಬೇಳೆ, ಶನಿವಾರ, ಸೊಸೆ ಎಂದು ಡಬ್ಬಗಳ ಮೇಲೆ ಚೀಟಿ ಅಂಟಿಸಿದ ಹಾಗೆ. ಆದರೂ ನೂರೈವತ್ತು ವರ್ಷ ಅದು ಬಾಳಿತು. ಲಂಡನ್ನಿನ ಬ್ಯಾನಿಸ್ಟರ್ ಫ್ಲೆಚರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ವಾಸ್ತುಶಿಲ್ಪ ಇತಿಹಾಸದ 1901ರ ಆವೃತ್ತಿಯಲ್ಲಿ ಯುರೋಪಿನ ಶೈಲಿಗಳು 'ಐತಿಹಾಸಿಕ'. ಭಾರತ, ಚೀನಾ, ಜಪಾನ್, ಮಧ್ಯ ಅಮೆರಿಕ ಮತ್ತು ಸಾರಾಸೆನಿಕ್ ಇವೆಲ್ಲ 'ಇತಿಹಾಸೇತರ'. ಬೇಲೂರನ್ನೂ ಬಿಜಾಪುರವನ್ನೂ ಒಟ್ಟಿಗೆ ಕೂರಿಸಿದ ಪುಸ್ತಕ ಅದೊಂದೇ ಇರಬಹುದು ಎಂದು ನಾವು ಹಾಸ್ಟೆಲಿನಲ್ಲಿ ನಗಾಡಿದ್ದುಂಟು, ಇಬ್ಬರನ್ನೂ ಇತಿಹಾಸದ ಹೊರಗೆ!

ತರಗತಿಯಲ್ಲಿ ಇದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹೇಳಬೇಕು. ಕಲಾ ಇತಿಹಾಸದ ಪಾಠ ಕತ್ತಲೆಯಲ್ಲಿ ನಡೆಯುತ್ತದೆ. ಆಗ ಕಂಪ್ಯೂಟರ್ ಇರಲಿಲ್ಲ, ಸ್ಲೈಡ್ ಪ್ರೊಜೆಕ್ಟರ್ ಇತ್ತು. ಕಿಟಕಿಗೆ ಕರಿಪರದೆ ಎಳೆದು, ಗೋಡೆಯ ಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಬೀಳಿಸಿ, "ಇದಕ್ಕೂ ಅದಕ್ಕೂ ವ್ಯತ್ಯಾಸ ಹೇಳಿ" ಎನ್ನುವುದು ಈ ವಿಷಯದ ಹಳೆಯ ಪದ್ಧತಿ. ಜರ್ಮನ್ ಭಾಷೆಯ ವಿದ್ವಾಂಸ ವೋಲ್ಫ್ಲಿನ್ ಹೆಸರು ಇದಕ್ಕೆ ಅಂಟಿಕೊಂಡಿದೆ. ಒಳ್ಳೆಯ ಪದ್ಧತಿಯೇ. ಎರಡನ್ನು ಒಟ್ಟಿಗಿಟ್ಟಾಗ ಒಂದೊಂದಾಗಿ ಕಾಣದ್ದು ಕಾಣುತ್ತದೆ. ಆದರೆ ಯಾವ ಎರಡನ್ನು ಇಡುತ್ತೀರಿ ಎಂಬುದರಲ್ಲಿಯೇ ಉತ್ತರ ಅರ್ಧ ಇರುತ್ತದೆ. ನಮಗೆ ಎಡಗಡೆ ದೇವಾಲಯ, ಬಲಗಡೆ ಮಸೀದಿ ಬಿತ್ತು. ನಮ್ಮ ನೋಟ್ಸಿನಲ್ಲಿ ಹೀಗಿತ್ತು: ದೇವಾಲಯ ಎಂದರೆ ಕಂಬ ಮತ್ತು ತೊಲೆ, ಮಸೀದಿ ಎಂದರೆ ಕಮಾನು ಮತ್ತು ಗುಮ್ಮಟ. ಅಲ್ಲಿ ಗರ್ಭಗುಡಿಯ ಕತ್ತಲು, ಇಲ್ಲಿ ಅಂಗಳದ ಬೆಳಕು. ಅಲ್ಲಿ ಮೂರ್ತಿ, ಇಲ್ಲಿ ಅಕ್ಷರ. ಹತ್ತು ಅಂಕದ ಪ್ರಶ್ನೆಗೆ ಹೇಳಿ ಮಾಡಿಸಿದ ಉತ್ತರ. ಸುಳ್ಳೂ ಅಲ್ಲ. ಆದರೆ ಅಪವಾದಗಳೆಲ್ಲ ನಮ್ಮ ಕರ್ನಾಟಕದಲ್ಲಿಯೇ ಇದ್ದವು.

ಅಪವಾದ ಎದುರಾದದ್ದು ಹಂಪಿ ಪ್ರವಾಸದಲ್ಲಿ. ಕಮಲಾಪುರದಿಂದ ತಳಾರಿಘಟ್ಟದ ಕಡೆ ಹೋಗುವ ರಸ್ತೆಯ ಬದಿಯಲ್ಲಿ ಒಂದು ಕಲ್ಲುಮಂಟಪ ಇದೆ. ಪ್ರವಾಸಿಗರ ಬಸ್ಸು ಅಲ್ಲಿ ನಿಲ್ಲುವುದಿಲ್ಲ, ನಮ್ಮದೂ ನಿಲ್ಲುತ್ತಿರಲಿಲ್ಲ. ಡ್ರೈವರಿಗೆ ಬೀಡಿ ಸೇದಬೇಕಾಗಿತ್ತು. ಕೆಳಗಿಳಿದು ನೋಡಿದರೆ ಚಪ್ಪಟೆ ಚಾವಣಿ, ಮುಂದಕ್ಕೆ ತೆರೆದುಕೊಂಡ ಹಜಾರ, ಹಂಪಿಯಲ್ಲಿ ಎಲ್ಲೆಲ್ಲೂ ಕಾಣುವಂಥದೇ ಕಂಬಗಳು. ಕಮಾನಿಲ್ಲ, ಗುಮ್ಮಟವಿಲ್ಲ, ಮಿನಾರಿಲ್ಲ. ನಮ್ಮ ತಂಡದವರೆಲ್ಲ "ಮಂಟಪ" ಎಂದು ಪುಸ್ತಕದಲ್ಲಿ ಬರೆದುಕೊಂಡೆವು. ಒಳಗೆ ಹೋಗಿ ನೋಡಿದರೆ ಪಶ್ಚಿಮದ ಗೋಡೆಯಲ್ಲಿ ಒಂದು ಗೂಡು. ಮಿಹ್ರಾಬ್! ಹತ್ತಿರದಲ್ಲೇ ಗುಮ್ಮಟ ಹೊತ್ತ ಒಂದು ಗೋರಿ ಕಟ್ಟಡ.

ಅಲ್ಲಿಯ ಶಾಸನ ಕನ್ನಡದಲ್ಲಿದೆ, ಕಾಲ 1439. ಎರಡನೆಯ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬವನು ತನ್ನ ಒಡೆಯನಿಗೆ ಪುಣ್ಯವಾಗಲೆಂದು ಇದನ್ನು ಕಟ್ಟಿಸಿದ ಎಂದು ಅದು ಹೇಳುತ್ತದೆ. ಕಟ್ಟಡಕ್ಕೆ ಶಾಸನ ಕೊಟ್ಟ ಹೆಸರು 'ಧರ್ಮಸಾಲೆ'. ಜೊತೆಗೆ ಒಂದು ಬಾವಿಯನ್ನೂ ತೋಡಿಸಿದ್ದಾನೆ. ಈ ಒಂದು ಪದದ ಮುಂದೆ ನಾವು ಬಹಳ ಹೊತ್ತು ನಿಂತಿದ್ದೆವು. ತಾನು ನಮಾಜು ಮಾಡುವ ಜಾಗವನ್ನು ಕರೆಯಲು ಅವನಿಗೆ ಕನ್ನಡದಲ್ಲಿ ಒಂದು ಮಾತು ಬೇಕಿತ್ತು, ಅದು ಸಿಕ್ಕಿತು. ಓದುವವರಿಗೂ ಅದು ವಿಚಿತ್ರ ಅನ್ನಿಸಿರಲಾರದು. ಪುಣ್ಯ, ಧರ್ಮ, ಬಾವಿ, ಒಡೆಯ ಇವೆಲ್ಲ ಅವನಿಗೂ ಅವನ ನೆರೆಯವರಿಗೂ ಸಮಾನ ಮಾತುಗಳಾಗಿದ್ದವು.

ಈಗ ಇದನ್ನು ಬ್ರೌನರ ಯಾವ ಸಂಪುಟಕ್ಕೆ ಸೇರಿಸೋಣ? ಕಂಬ ತೊಲೆ ನೋಡಿ ಮೊದಲನೆಯದಕ್ಕೆ ಹಾಕಿದರೆ ಮಿಹ್ರಾಬ್ ಏಳುತ್ತದೆ. ಮಿಹ್ರಾಬ್ ನೋಡಿ ಎರಡನೆಯದಕ್ಕೆ ಹಾಕಿದರೆ ಕಂಬ ಏಳುತ್ತದೆ. ಅದೇ ಹಂಪಿಯ ಆನೆಲಾಯಕ್ಕೆ ಸಾಲುಸಾಲು ಗುಮ್ಮಟ, ಕಮಲ ಮಹಲಿಗೆ ಎಸಳುಎಸಳಾದ ಕಮಾನು, ಕಟ್ಟಿಸಿದವರು ವಿಜಯನಗರದವರು. ಮಸೀದಿ ಮಂಟಪದ ಹಾಗಿದೆ, ಅರಮನೆ ಮಸೀದಿಯ ಹಾಗಿದೆ! ನಮ್ಮ ಗೈಡು ಇದನ್ನು 'ಹಿಂದೂ ಮುಸ್ಲಿಂ ಮಿಶ್ರ ಶೈಲಿ' ಎಂದ. ನಾವೂ ಪರೀಕ್ಷೆಯಲ್ಲಿ ಅದನ್ನೇ ಬರೆದೆವು, ಅಂಕವೂ ಬಂತು. ಆದರೆ 'ಮಿಶ್ರ' ಎನ್ನುವುದು ಆ ಎರಡು ಕಪಾಟುಗಳನ್ನು ಉಳಿಸಿಕೊಳ್ಳುವ ಉಪಾಯವೇ ಹೊರತು ಉತ್ತರವಲ್ಲ. ಮೊದಲು ಎರಡು ಶುದ್ಧ ವಸ್ತುಗಳಿದ್ದವು, ಆಮೇಲೆ ಅವು ಕಲೆತವು ಎಂದು ಒಪ್ಪಿದ ಮೇಲೆಯೇ 'ಮಿಶ್ರ' ಎನ್ನಲು ಸಾಧ್ಯ. ನಾವು ಸೌಹಾರ್ದದ ಭಾಷಣಗಳಲ್ಲಿ ಉತ್ಸಾಹದಿಂದ ಬಳಸುವ ಈ ಪದ ಕೂಡ ಮಿಲ್‌ನ ಲೆಕ್ಕಪುಸ್ತಕದ್ದೇ.

ಕಟ್ಟಿದವರಿಗೆ ಇದು ಹೇಗೆ ಕಂಡಿರಬಹುದು? ಅಮೆರಿಕದ ವಿದ್ವಾಂಸ ಫಿಲಿಪ್ ವ್ಯಾಗ್ನರ್ 1996ರಲ್ಲಿ ಬರೆದ ಪ್ರಬಂಧವೊಂದು ಈ ನಿಟ್ಟಿನಲ್ಲಿ ಕಣ್ಣು ತೆರೆಸುವಂಥದ್ದು. ವಿಜಯನಗರದ ಅರಸರು ತಮ್ಮನ್ನು 'ಹಿಂದೂರಾಯ ಸುರತ್ರಾಣ' ಎಂದು ಕರೆದುಕೊಂಡರು. ಸುರತ್ರಾಣ ಎಂದರೆ ಸುಲ್ತಾನ. ಬಿರುದಿನ ಜೊತೆಗೆ ಆಸ್ಥಾನದ ಉಡುಪೂ ಬದಲಾಯಿತು, ಉದ್ದ ಅಂಗಿ ಮತ್ತು ಎತ್ತರದ ಕುಲಾವಿ ಬಂದವು. ಇದು ಧರ್ಮಾಂತರವಲ್ಲ, ಸೋಲೂ ಅಲ್ಲ. ಆ ಕಾಲದ ಪ್ರಪಂಚದಲ್ಲಿ ದೊಡ್ಡ ಅರಸನಾಗಿ ಕಾಣಿಸಿಕೊಳ್ಳುವ ರೀತಿ ಅದಾಗಿತ್ತು. ಮನೆದೇವರ ಗುಡಿಗೆ ಒಂದು ಬಗೆ, ಅಧಿಕಾರ ತೋರಿಸುವ ಕಟ್ಟಡಕ್ಕೆ ಇನ್ನೊಂದು ಬಗೆ. ಅರಸ ಒಬ್ಬನೇ, ಊರೂ ಒಂದೇ. ನಾವು ತರಗತಿಯಲ್ಲಿ ಕೂತಿದ್ದಾಗ ಈ ಪ್ರಬಂಧ ಅಚ್ಚಾಗಿ ಎರಡು ಮೂರು ವರ್ಷ ಆಗಿತ್ತು. ಹಂಪಿಯ ಮೇಲೆ ಬರೆದದ್ದು ಹಂಪಿಯಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿದ್ದ ನಮಗೆ ತಲುಪಲಿಲ್ಲ.

ಬಿಜಾಪುರದ (ಈಗಿನ ವಿಜಯಪುರ) ಕಥೆ ಇನ್ನೂ ಬೇರೆ. ಬ್ರೌನರ ಎರಡನೆಯ ಸಂಪುಟಕ್ಕೆ ಮೂರು ಮಡಿಕೆಗಳಿವೆ. ದೆಹಲಿಯದು 'ಸಾಮ್ರಾಜ್ಯ ಶೈಲಿ', ಉಳಿದ ಕಡೆಯವು 'ಪ್ರಾಂತೀಯ ಶೈಲಿ', ಕೊನೆಗೆ ಮೊಗಲ್. ಒಳವ್ಯಾಸವೇ ಸುಮಾರು 38 ಮೀಟರ್ ಇರುವ ಗೋಲಗುಮ್ಮಟ ಪ್ರಾಂತೀಯವಂತೆ! ಯಾವ ಪ್ರಾಂತ್ಯ, ಯಾರ ಪ್ರಾಂತ್ಯ? ಅದನ್ನು ಕಟ್ಟಿದಾಗ ಬಿಜಾಪುರ ತನ್ನದೇ ಸುಲ್ತಾನ, ತನ್ನದೇ ಆಸ್ಥಾನ ಇದ್ದ ರಾಜಧಾನಿ. ದೆಹಲಿಯನ್ನು ನಡುಮಧ್ಯ ಇಟ್ಟುಕೊಂಡು ನೋಡಿದರೆ ಮಾತ್ರ ಅದು ಅಂಚು. ಮೊದಲನೆಯ ಅಲಿ ಆದಿಲ್ ಶಾಹನ ಕಾಲದ 'ನುಜೂಮುಲ್ ಉಲೂಮ್' ಎಂಬ 1570ರ ಸಚಿತ್ರ ಹಸ್ತಪ್ರತಿಯಲ್ಲಿ ನಕ್ಷತ್ರ, ಆಯುಧ, ಆನೆ ಕುದುರೆಗಳ ಜೊತೆಗೆ ದೇವಿಯರನ್ನು ಹೋಲುವ ಶಕ್ತಿಗಳ ಚಿತ್ರಮಾಲೆಯೂ ಇದೆ. ಎರಡನೆಯ ಇಬ್ರಾಹಿಂ ದಖನಿ ಭಾಷೆಯ 'ಕಿತಾಬೆ ನವರಸ್'ನಲ್ಲಿ ಸರಸ್ವತಿಯನ್ನು ನೆನೆದದ್ದು ಕನ್ನಡಿಗರಿಗೆ ಗೊತ್ತಿರುವ ವಿಷಯ. ಆ ಹಸ್ತಪ್ರತಿ ಈಗ ಇರುವುದು ಐರ್ಲೆಂಡಿನ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿ. ಆಸಾರ್ ಮಹಲಿನಲ್ಲಿದ್ದ ಅರಬಿ ಪುಸ್ತಕಗಳ ಸಂಗ್ರಹ ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ನಿಗೆ ಹೋಯಿತು. ಹೀಗಾಗಿ ಬಿಜಾಪುರದಲ್ಲಿ ಕಲ್ಲು ಉಳಿಯಿತು, ಪುಸ್ತಕ ಹೊರಟುಹೋಯಿತು. ಬಿಜಾಪುರದ ವಿದ್ಯಾರ್ಥಿ ತನ್ನ ಊರನ್ನು ಓದಬೇಕಾದರೆ ಸಮುದ್ರ ದಾಟಬೇಕು.

ರಿಚರ್ಡ್ ಈಟನ್ ಮತ್ತು ವ್ಯಾಗ್ನರ್ ಜೊತೆಯಾಗಿ 2014ರಲ್ಲಿ ಪ್ರಕಟಿಸಿದ ಪುಸ್ತಕ ಬಿಜಾಪುರದ ಅರಕಿಲ್ಲೆಯ ಬಾಗಿಲಲ್ಲಿ ನಿಂತಿರುವ ಚಾಲುಕ್ಯರ ಕಾಲದ ಕಂಬಗಳನ್ನು ಮತ್ತೆ ಓದಿತು. ಅಲ್ಲಿಯವರೆಗೆ ಅವುಗಳ ಅರ್ಥ ಸಲೀಸಾಗಿತ್ತು: ದೇವಾಲಯ ಒಡೆದು ತಂದದ್ದು, ಮುಗಿಯಿತು. ಕಲ್ಯಾಣದ ಚಾಲುಕ್ಯರ ಹೆಸರಿಗೆ ಹದಿನಾರನೆಯ ಶತಮಾನದಲ್ಲಿಯೂ ಒಂದು ಘನತೆ ಇತ್ತು, ಆ ಘನತೆಗೆ ವಿಜಯನಗರದ ರಾಮರಾಯನೂ ಬಿಜಾಪುರದ ಸುಲ್ತಾನನೂ ಏಕಕಾಲಕ್ಕೆ ಹಕ್ಕುದಾರರಾಗಲು ನೋಡಿದರು ಎಂದು ಇವರು ವಾದಿಸುತ್ತಾರೆ. ಈ ವಾದವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಹಾಗೆಂದು ದೇವಾಲಯಗಳೇ ಒಡೆದಿಲ್ಲ, ಎಲ್ಲ ಮರುಬಳಕೆಯೂ ಗೌರವದ್ದೇ ಎಂದು ಹೇಳಲು ಹೊರಟರೆ ನಾವೂ ಇನ್ನೊಂದು ಕಪಾಟು ಕಟ್ಟಿದ ಹಾಗಾಗುತ್ತದೆ. ಒಡೆದದ್ದನ್ನೂ ಓದಬೇಕು, ಮತ್ತೆ ನಿಲ್ಲಿಸಿದ್ದನ್ನೂ ಓದಬೇಕು. ಕಲಾ ಇತಿಹಾಸ ಎಂಬ ವಿಷಯ ಇರುವುದೇ ಅದಕ್ಕೆ, ಅಲ್ಲದಿದ್ದರೆ ವಕೀಲರು ಸಾಕಿತ್ತು.

ಒಂದು ಆಸೆ ನಮಗೆ ಇಂದಿಗೂ ಉಳಿದಿದೆ. ಕರಿಪರದೆ ಎಳೆದ ಕೋಣೆಯಲ್ಲಿ ಎಡಗಡೆಗೆ ಮಲ್ಲಿತಮ್ಮನನ್ನೂ ಬಲಗಡೆಗೆ ಮಲಿಕ್ ಸಂದಲನನ್ನೂ ಇಡಬೇಕು. ಮಲ್ಲಿತಮ್ಮ ಹೊಯ್ಸಳರ ಶಿಲ್ಪಿ. ಅಮೃತಾಪುರದಿಂದ ಸೋಮನಾಥಪುರದವರೆಗೆ ವಿಗ್ರಹಗಳ ಕೆಳಗೆ ತನ್ನ ಹೆಸರು ಕೊರೆದು ಹೋಗಿದ್ದಾನೆ. ಮೊದಲನೆಯ ಗುಡಿ 1196ರದು, ಸೋಮನಾಥಪುರದ್ದು ಹದಿಮೂರನೆಯ ಶತಮಾನದ ನಡುವಿನದ್ದು. ಇಷ್ಟು ವರ್ಷ ಕೆತ್ತಿದವನು ಒಬ್ಬನೇ ಮಲ್ಲಿತಮ್ಮನೋ ಎಂಬ ಪ್ರಶ್ನೆಯೇ ಚೆಂದ. ಮಲಿಕ್ ಸಂದಲ್ ಇಬ್ರಾಹಿಂ ರೋಜಾ ಕಟ್ಟಿದವನು. ಅಲ್ಲಿಯ ಪಾರಸಿ ಶಾಸನದಲ್ಲಿ ಅವನ ಹೆಸರಿದೆ. ಭಾರತದ ಕಲೆಯಲ್ಲಿ ಕುಶಲಕರ್ಮಿಗೆ ಹೆಸರಿಲ್ಲ, ಅವನು ಅಹಂಕಾರ ತೊರೆದವನು ಎಂದು ಮೇಲಿಂದ ಮೇಲೆ ಹೇಳುವವರ ಎದುರು ನಮ್ಮ ಒಂದೇ ರಾಜ್ಯದ ಈ ಎರಡು ಹೆಸರುಗಳನ್ನು ಇಡಬಹುದಿತ್ತು. ಬಳಪದ ಕಲ್ಲನ್ನು ಬಂಗಾರದ ಕೆಲಸದಂತೆ ಬಿಡಿಸಿದವನೊಬ್ಬ, ಕಿಟಕಿಯ ಕಲ್ಲನ್ನು ಅಕ್ಷರದ ಜಾಲರಿಯಾಗಿ ಕೊರೆಯಿಸಿದವನೊಬ್ಬ. ಇಬ್ಬರನ್ನೂ ಕೂಡಿಸಿ ಕೇಳಬೇಕಾದ ಪ್ರಶ್ನೆಗಳು ಎಷ್ಟಿದ್ದವು! ಕೂಲಿ ಯಾರು ಕೊಟ್ಟರು, ಉಳಿ ಎಲ್ಲಿಂದ ಬಂತು, ಮಗ ಅಪ್ಪನಿಂದ ಕಲಿತನೇ, ಹೆಸರು ಬರೆಯಲು ಯಾರು ಒಪ್ಪಿಗೆ ಕೊಟ್ಟರು? ಆದರೆ ಮಲ್ಲಿತಮ್ಮ ಮೂರನೆಯ ಪತ್ರಿಕೆಯಲ್ಲಿದ್ದ, ಮಲಿಕ್ ಸಂದಲ್ ಐದನೆಯದರಲ್ಲಿದ್ದ. ಅವರ ಭೇಟಿ ಆಗಲಿಲ್ಲ.

ವಿಂಗಡಣೆ ಇಲ್ಲದೆ ಪಾಠ ಮಾಡುವುದು ಹೇಗೆ ಎಂದು ಮೇಷ್ಟ್ರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು. ಆದರೆ ಕಲ್ಲಿನಿಂದ ಶುರು ಮಾಡಬಹುದಲ್ಲ? ಹಂಪಿಯದು ಕಣಶಿಲೆ, ಬಿಜಾಪುರದ್ದು ಕರಿಕಲ್ಲು, ಬೇಲೂರಿನದು ಬಳಪದ ಕಲ್ಲು, ಕರಾವಳಿಯದು ಮುರಕಲ್ಲು ಮತ್ತು ಮರ. ಮಳೆಯಿಂದ ಶುರು ಮಾಡಬಹುದು. ಬಿಜಾಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಮಂಗಳೂರಿನಲ್ಲಿ 3500 ಮೀರುತ್ತದೆ. ಅಲ್ಲಿ ಬಯಲು ಗುಮ್ಮಟ ನಿಲ್ಲುತ್ತದೆ, ಇಲ್ಲಿ ಇಳಿಜಾರು ಮಾಡಿಲ್ಲದೆ ಮಸೀದಿಯೂ ನಿಲ್ಲುವುದಿಲ್ಲ, ಬಸದಿಯೂ ನಿಲ್ಲುವುದಿಲ್ಲ. 1430ರ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಊರಿನಲ್ಲಿ ಆ ಮಾಡುಗಳನ್ನು ಕಂಡ ಫರ್ಗ್ಯುಸನ್‌ಗೆ ನೇಪಾಳ ನೆನಪಾಯಿತು. ಪಾಪ, ಪಕ್ಕದ ಬಂದರಿನ ಹಳೆಯ ಪಳ್ಳಿಗೆ ಹೋಗಿದ್ದರೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ.

ಬದಲಾವಣೆಯೇ ಆಗಿಲ್ಲ ಎನ್ನುವುದು ತಪ್ಪು. ಬರೋಡದ ಲಲಿತಕಲಾ ವಿಭಾಗದಲ್ಲಿ ಗುಲಾಂ ಮೊಹಮ್ಮದ್ ಶೇಖ್ ಅರುವತ್ತರ ದಶಕದಿಂದಲೇ ಕಲಾ ಇತಿಹಾಸ ಪಾಠ ಮಾಡಿದರು. ಸ್ವತಃ ದೊಡ್ಡ ಚಿತ್ರಕಾರ. ಇಟಲಿಯ ಸಿಯೆನಾದ ಗೋಡೆಚಿತ್ರವನ್ನೂ ಮೊಗಲ್ ಪುಟಚಿತ್ರವನ್ನೂ ಒಂದೇ ಉಸಿರಿನಲ್ಲಿ ಮಾತಾಡಬಲ್ಲವರು. ದಖನಿನ ಕಲೆಯ ಮೇಲೆ ಜಾರ್ಜ್ ಮಿಚೆಲ್, ಮಾರ್ಕ್ ಝೆಬ್ರೌಸ್ಕಿ, ಡೆಬೊರಾ ಹಟನ್ ಮೊದಲಾದವರ ಪುಸ್ತಕಗಳು ಬಂದಿವೆ. ಸಂಶೋಧನೆ ಮುಂದೆ ಹೋಗಿದೆ, ಪಠ್ಯಪುಸ್ತಕ ಅದರ ಹಿಂದೆ ನಡೆಯಲಿಲ್ಲ. ಹನ್ನೊಂದನೆಯ ತರಗತಿಗೆ ಎನ್‌ಸಿಇಆರ್‌ಟಿ ರೂಪಿಸಿದ ಭಾರತೀಯ ಕಲೆಯ ಪರಿಚಯ ಪುಸ್ತಕ ತೆರೆದು ನೋಡಿ. ಇಂಡೋ ಇಸ್ಲಾಮಿಕ್ ವಾಸ್ತುವಿಗೆ ಪ್ರತ್ಯೇಕ ಅಧ್ಯಾಯ, ಅದರೊಳಗೆ ಸಾಮ್ರಾಜ್ಯ ಶೈಲಿ, ಪ್ರಾಂತೀಯ ಶೈಲಿ, ಮೊಗಲ್ ಶೈಲಿ. ದಖನಿಗೆ ನಾಲ್ಕನೆಯದೊಂದು ಮಡಿಕೆ ಸೇರಿಸಿದ್ದಾರೆ. ಬ್ರೌನ್ ತೀರಿಕೊಂಡದ್ದು 1955ರಲ್ಲಿ, ಅವರ ಕಪಾಟು ಇನ್ನೂ ಗಟ್ಟಿಯಾಗಿದೆ.

ಭಾಷೆಯ ತೊಡಕೂ ಇದೆ. ಇಬ್ರಾಹಿಂ ರೋಜಾದ ಗೋಡೆ ಓದಲು ಪಾರಸಿ ಅರಬಿ ಬೇಕು, ಅಹಮದ್ ಖಾನನ ಶಾಸನಕ್ಕೆ ಹಳಗನ್ನಡದ ಅಭ್ಯಾಸ ಬೇಕು, ನವರಸ್‌ಗೆ ದಖನಿ ಬೇಕು, ಮಲ್ಲಿತಮ್ಮನ ಮೂರ್ತಿಗಳಿಗೆ ಸಂಸ್ಕೃತದ ಆಗಮ ಪುರಾಣ ಬೇಕು. ನಮ್ಮ ತರಗತಿಯಲ್ಲಿ ಇವುಗಳಲ್ಲಿ ಎರಡು ಬಲ್ಲವರು ಒಬ್ಬರೂ ಇರಲಿಲ್ಲ. ಮದರಸದಲ್ಲಿ ಅರಬಿ ಅಕ್ಷರ ಕಲಿತಿದ್ದ ನಮಗೆ ಆ ಗೋಡೆಯ ಸುರುಳಿಗಳ ನಡುವೆ ಎಲ್ಲೋ ಒಂದು ಪರಿಚಿತ ಪದ ಕಂಡಾಗ ಆದ ಸಂತೋಷ ಹೇಳತೀರದು. ಆದರೆ ಮದರಸದ ಪಾಠಕ್ಕೂ ವಿಶ್ವವಿದ್ಯಾಲಯದ ಪಾಠಕ್ಕೂ ಸಂಬಂಧ ಇರಬಹುದು ಎಂಬುದು ಎರಡೂ ಕಡೆಯವರಿಗೆ ಹೊಳೆದಿರಲಿಲ್ಲ.

ಇಲ್ಲಿಯವರೆಗೆ ವಿಶ್ವವಿದ್ಯಾಲಯದ ತಪ್ಪು ಎಣಿಸಿದೆವು. ನಮ್ಮ ಅಂಗಳದ್ದೂ ಎಣಿಸಬೇಕು. ಈ ವಿಷಯ ಓದುತ್ತೇವೆ ಎಂದಾಗ ಮನೆಗೆ ಬಂದಿದ್ದ ಕಾಕ ಕೇಳಿದ್ದರು, "ಅಲ್ಲ ಮೋನೆ, ಪಟ ಬಿಡಿಸುವುದು ನಮ್ಮಲ್ಲಿ ಇಲ್ಲವಲ್ಲ?" ಬಿಡಿಸುವುದಲ್ಲ, ಬೇರೆಯವರು ಮಾಡಿದ್ದನ್ನು ಓದುವುದು ಎಂದೆವು. "ಅದಕ್ಕೆ ಸಂಬಳ ಸಿಗ್ತದಾ?" ಎಂಬುದು ಎರಡನೆಯ ಪ್ರಶ್ನೆ. ಈ ಪ್ರಶ್ನೆಯನ್ನು ನಾವು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2014ರಲ್ಲಿ ಅಮೆರಿಕದ ಅಧ್ಯಕ್ಷ ಒಬಾಮ ಕೂಡ ಕಲಾ ಇತಿಹಾಸದ ಪದವಿಗಿಂತ ಕೈಕೆಲಸ ಕಲಿತರೆ ಹೆಚ್ಚು ಸಂಪಾದನೆ ಎಂದು ಭಾಷಣದಲ್ಲಿ ಹೇಳಿ, ಆಮೇಲೆ ಒಬ್ಬ ಪ್ರಾಧ್ಯಾಪಕಿಗೆ ಕೈಬರಹದಲ್ಲಿ ಕ್ಷಮೆ ಕೇಳಬೇಕಾಯಿತು. ಕಾಕ ಕ್ಷಮೆ ಕೇಳಲಿಲ್ಲ, ಕೇಳಬೇಕಾಗಿಯೂ ಇರಲಿಲ್ಲ. ಆದರೆ ಮೊದಲ ಪ್ರಶ್ನೆಗೆ ನಾವು ಅಂದು ಕೊಡಬೇಕಾಗಿದ್ದ ಉತ್ತರ ಗುಲಾಂ ಯಜ್ದಾನಿ ಎಂಬ ಹೆಸರು. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿ ಅವರು 1922ರಲ್ಲಿ ಪಾಲಂಪೇಟೆಯ ದೇವಾಲಯಗಳ ಮೇಲೆ ಬರೆದರು, 1930ರಿಂದ 1955ರವರೆಗೆ ಅಜಂತಾದ ಬೌದ್ಧ ಚಿತ್ರಗಳನ್ನು ನಾಲ್ಕು ಭಾಗಗಳಲ್ಲಿ ಪ್ರಕಟಿಸಿದರು, ನಡುವೆ 1947ರಲ್ಲಿ ನಮ್ಮ ಬೀದರಿನ ಸ್ಮಾರಕಗಳ ಮೇಲೆ ಇಂದಿಗೂ ಮೀರಿಸಲಾಗದ ಪುಸ್ತಕ ಕೊಟ್ಟರು. ಬುದ್ಧನ ಚಿತ್ರ, ಶಿವನ ಗುಡಿ, ಬಹಮನಿ ಮದರಸ ಮೂರೂ ಒಂದೇ ಮೇಜಿನ ಮೇಲೆ. ಮಸೀದಿಯನ್ನು ಮುಸ್ಲಿಮನೇ ಓದಬೇಕು, ದೇವಾಲಯವನ್ನು ಹಿಂದೂವೇ ಓದಬೇಕು ಎಂಬ ನಿಯಮ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೀದರಿನ ಎಷ್ಟು ಮಕ್ಕಳಿಗೆ ಇವರ ಹೆಸರು ಗೊತ್ತು?

ಗೊತ್ತಿಲ್ಲದ್ದರ ಬೆಲೆ ಎಂಥದು ಎಂಬುದನ್ನು ನಾವು ಕರಾವಳಿಯ ಒಂದೂರಿನಲ್ಲಿ ನೋಡಿದೆವು. ತಾಯಿಯ ಕಡೆಯ ಊರು, ಹೆಸರು ಬೇಡ. ಅಲ್ಲೊಂದು ಹಳೆಯ ಪಳ್ಳಿ ಇತ್ತು. ಮುರಕಲ್ಲಿನ ದಪ್ಪ ಗೋಡೆ, ಎರಡು ಅಂತಸ್ತಿನ ಹಂಚಿನ ಮಾಡು, ಒಳಗೆ ಮರದ ಕಂಬ, ತೊಲೆಗಳ ತುದಿಯಲ್ಲಿ ಬಾಳೆಹೂವಿನಂಥ ಕೆತ್ತನೆ. ಹತ್ತಿರದ ಗುತ್ತಿನ ಮನೆಯ ಚಾವಡಿಯಲ್ಲಿಯೂ ಅದೇ ಕೆತ್ತನೆ, ದೈವಸ್ಥಾನದಲ್ಲಿಯೂ ಅದೇ. ಒಂದೇ ಬಗೆಯ ಆಚಾರಿ ಕೆಲಸ. ಅಂಗಳದ ಹೌಳಿನಲ್ಲಿ ಕಾಲು ಇಳಿಬಿಟ್ಟು ಕೂತರೆ ಮೇ ತಿಂಗಳಲ್ಲಿಯೂ ತಂಪು. ಜಮಾಅತಿನವರು ಅದನ್ನು ಕೆಡವಿ ಕಾಂಕ್ರೀಟಿನದು ಕಟ್ಟಲು ನಿಶ್ಚಯಿಸಿದರು. ಜನ ಹೆಚ್ಚಾಗಿದ್ದರು, ಜಾಗ ಸಾಲುತ್ತಿರಲಿಲ್ಲ, ಹಂಚು ಸೋರುತ್ತಿತ್ತು. ಕಾರಣಗಳೆಲ್ಲ ಸರಿಯೇ. ಕಮಿಟಿಯ ಸಭೆಗೆ ನಾವೂ ಹೋಗಿದ್ದೆವು. ಹಳೆಯದನ್ನು ಒಳಗಿಟ್ಟುಕೊಂಡು ಬದಿಗೆ ವಿಸ್ತರಿಸಬಹುದಲ್ಲ ಎಂದು ಕೇಳಿದೆವು. ಕೊಲ್ಲಿಯಿಂದ ರಜೆಯಲ್ಲಿ ಬಂದಿದ್ದ, ನಮಗಿಂತ ಕಿರಿಯನಾದ, ನಿಜಕ್ಕೂ ಒಳ್ಳೆಯವನಾದ ಒಬ್ಬ ಸದಸ್ಯ ಎದ್ದು ನಿಂತು ಹೇಳಿದ: "ಅಣ್ಣಾ, ಇದು ನೋಡಿದರೆ ಮಸೀದಿ ಹಾಗೆ ಕಾಣುವುದೇ ಇಲ್ಲವಲ್ಲ. ಗುಮ್ಮಟ ಇಲ್ಲ, ಮಿನಾರ ಇಲ್ಲ. ರಸ್ತೆಯಲ್ಲಿ ಹೋಗುವವರು ಯಾರದೋ ಹಳೇ ಮನೆ ಅಂತ ತಿಳಿಯುತ್ತಾರೆ."

ನಮಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗ ಪರ್ಸಿ ಬ್ರೌನರ ಹೆಸರು ಕೇಳಿದವನಲ್ಲ. ಮಸೀದಿ ಎಂದರೆ ಹೇಗಿರಬೇಕು ಎಂಬುದನ್ನು ಅವನು ಶಾಲೆಯ ಸಮಾಜ ಪಾಠದ ಚಿತ್ರದಿಂದ, ಕ್ಯಾಲೆಂಡರಿನಿಂದ, ದುಬೈಯಿಂದ ಕಲಿತಿದ್ದ. ನಾವು ಹತ್ತು ಅಂಕಕ್ಕೆ ಬರೆದಿದ್ದ ಉತ್ತರವನ್ನೇ ಅವನು ನಮಗೆ ಒಪ್ಪಿಸುತ್ತಿದ್ದ. ದೇವಾಲಯ ಎಂದರೆ ಕಂಬ ಮತ್ತು ತೊಲೆ, ಮಸೀದಿ ಎಂದರೆ ಕಮಾನು ಮತ್ತು ಗುಮ್ಮಟ. ಅಹಮದ್ ಖಾನನ ಧರ್ಮಸಾಲೆಯ ಕಥೆಯನ್ನು ಅಲ್ಲಿ ಹೇಳಬಹುದಿತ್ತು. ಆದರೆ ಆರುನೂರು ವರ್ಷದ ಹಿಂದಿನ, ಇನ್ನೂರೈವತ್ತು ಮೈಲಿ ದೂರದ ಒಂದು ಮಂಟಪವನ್ನು ಇಶಾ ನಮಾಜಿನ ನಂತರ ಮನೆಗೆ ಹೊರಡುವ ಅವಸರದಲ್ಲಿದ್ದ ನಲುವತ್ತು ಜನರಿಗೆ ಎಲ್ಲಿಂದ ಶುರು ಮಾಡಿ ವಿವರಿಸುವುದು? ನಿರ್ಣಯ ಪಾಸಾಯಿತು.

ಹೊಸ ಮಸೀದಿ ವಿಶಾಲವಾಗಿದೆ, ಮೇಲೆ ಹಸಿರು ಗುಮ್ಮಟ, ಎರಡು ಮಿನಾರ. ಮಳೆಗಾಲದಲ್ಲಿ ಗುಮ್ಮಟದ ಬುಡದಲ್ಲಿ ನೀರು ಜಿನುಗುತ್ತದೆಂದು ಮೂರು ವರ್ಷದ ಹಿಂದೆ ಅದರ ಸುತ್ತ ತಗಡಿನ ಇಳಿಜಾರು ಮಾಡು ಹಾಕಿಸಿದ್ದಾರೆ. ಹಳೆಯ ಕಂಬಗಳಲ್ಲಿ ಆರನ್ನು ಮರದ ವ್ಯಾಪಾರಿ ಒಯ್ದ. ಎರಡು ಕಬರಸ್ತಾನದ ಗೋಡೆಯ ಬದಿಯಲ್ಲಿ ಬಿದ್ದಿವೆ, ಕೆತ್ತನೆಯ ಕಡೆ ನೆಲಕ್ಕಾಗಿ. ಕಳೆದ ಬಾರಿ ಹೋದಾಗ ಒಂದನ್ನು ಹೊರಳಿಸಿ, ಟೇಪು ಹಿಡಿದು ಅಳತೆ ತೆಗೆದುಕೊಂಡು, ಬ್ರೌನರು ಎಳೆಯುತ್ತಿದ್ದ ರೀತಿಯಲ್ಲಿ ಒಂದು ಚಿತ್ರ ಬರೆದುಕೊಂಡು ಬಂದೆವು.